ಶ್ವಾರ್ಟ್ಸ್ ಅಯ್ಯನವರೂ ಯುದ್ಧದ ಅನಾಥ ಮಕ್ಕಳೂ

ಕೊಪ್ಪಳದ ಸಂತೆಗೆ ಹೋಗಿಬರುವ ನಮ್ಮ ಸಭೆಯವರು ಅಲ್ಲಿಯ ಗುಡ್ಡದ ಮೇಲಿನ ಕೋಟೆಯನ್ನು ನೋಡದೆ ಇರಲಾರರು. ಟಿಪ್ಪು ಸುಲ್ತಾನನು ೧೭೮೬ ರಲ್ಲಿ ಆ ಕೋಟೆಯನ್ನು ಪಾಳೆಯಗಾರನಿಂದ ತೆಗೆದುಕೊಂಡು ಫ್ರೆಂಚ್ ಶಿಲ್ಪಿಗಳ ಕೈಯಿಂದ ಬಲಪಡಿಸಿದನು. ೧೭೯೦ ರಲ್ಲಿ ನಿಜಾಮನ ದಂಡೂ ಇಂಗ್ಲಿಷ್ ಕುಂಪಣಿಯ ದಂಡೂ ಕೂಡಿ ಬಂದು ಅದನ್ನು ಮುತ್ತಿದವು. ಸುಮಾರು ಆರು ತಿಂಗಳ ಕಾಲ ಕಾದಾಟ ನಡೆದು ೧೭೯೧ ರ ಏಪ್ರಿಲ್ ತಿಂಗಳಲ್ಲಿ ಕೋಟೆಯು ಶರಣಾಯಿತು. ಆರು ತಿಂಗಳು ಎರಡು ದಂಡುಗಳು ಒಂದು ಸೀಮೆಯಲ್ಲಿ ಬೀಡುಬಿಟ್ಟರೆ ಸುತ್ತಲಿನ ಹಳ್ಳಿಗಳ ಹಗೇವುಗಳಲ್ಲಿ ಜೋಳವು ಎಷ್ಟು ಉಳಿದೀತೆಂಬದನ್ನು ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಒಕ್ಕಲಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೋಟೆ ಬಿದ್ದ ವರ್ಷವನ್ನು ಚರಿತ್ರೆಗಾರರು ಬರೆದಿಡುವರು. ತಂದೆ ಬಿದ್ದ ಮನೆಯ ಮಕ್ಕಳ ಲೆಕ್ಕವನ್ನು ಬರೆಯುವವರು ಕಡಿಮೆ. ಅದೇ ಕಾಲದಲ್ಲಿ, ಅದೇ ಅರಸರ ಯುದ್ಧಗಳ ನಡುವೆ, ಅಂಥ ಮಕ್ಕಳ ಲೆಕ್ಕವನ್ನು ಇಟ್ಟ ಒಬ್ಬ ದೇವದಾಸನಿದ್ದನು. ಆತನ ಹೆಸರು ಕ್ರಿಸ್ತಿಯಾನ್ ಫ್ರೀಡ್ರಿಖ್ ಶ್ವಾರ್ಟ್ಸ್. ಆತನು ಕೊಪ್ಪಳಕ್ಕೆ ಬಂದವನಲ್ಲ. ಆದರೆ ನಮ್ಮ ಕನ್ನಡ ನಾಡಿನ ಶ್ರೀರಂಗಪಟ್ಟಣಕ್ಕೆ ಬಂದನು. ಅಲ್ಲಿಂದ ಒಯ್ದ ಹಣದಿಂದ ಒಂದು ಶಾಲೆಯನ್ನು ಹುಟ್ಟಿಸಿದನು.

ಶ್ವಾರ್ಟ್ಸ್ ಅಯ್ಯನವರು ೧೭೨೬ ರ ಅಕ್ಟೋಬರ್ ತಿಂಗಳಲ್ಲಿ ಪ್ರಶ್ಯ ರಾಜ್ಯದ ಸೊನ್ನೆನ್‌ಬುರ್ಗ್ ಎಂಬ ಚಿಕ್ಕ ಪಟ್ಟಣದಲ್ಲಿ ಹುಟ್ಟಿದರು. ಇವರು ಇನ್ನೂ ಕೂಸಾಗಿರುವಾಗಲೇ ತಾಯಿಯು ತೀರಿಕೊಂಡಳು. ಆಕೆಯು ಮರಣಶಯ್ಯೆಯಲ್ಲಿ ಗಂಡನನ್ನೂ ಸಭಾಪಾಲಕನನ್ನೂ ಹತ್ತಿರ ಕರೆಯಿಸಿ, ಹನ್ನಳು ಸಮುವೇಲನನ್ನು ಒಪ್ಪಿಸಿದಂತೆ ತಾನು ಈ ಮಗನನ್ನು ಕರ್ತನಿಗೆ ಒಪ್ಪಿಸಿರುವೆನೆಂದೂ ಅವನು ಸೇವೆಗೆ ಮನಸ್ಸು ಮಾಡಿದರೆ ತಡೆಯಬಾರದೆಂದೂ ತಿಳಿಸಿ ಕಣ್ಣು ಮುಚ್ಚಿದಳು. ತಂದೆಯು ಮಗನನ್ನು ಬಿಗಿಯಾಗಿ ಬೆಳೆಸಿದನು. ದೂರದ ಶಾಲೆಗೆ ಸೇರಿಸುವಾಗ ಸುಖದ ಆಸೆ ಹತ್ತಬಾರದೆಂದು ನಡೆಸಿಕೊಂಡೇ ಹೋದನಂತೆ. ಇಪ್ಪತ್ತನೆಯ ವಯಸ್ಸಿನಲ್ಲಿ ಶ್ವಾರ್ಟ್ಸರು ಹಾಲ್ಲೆ ಪಟ್ಟಣಕ್ಕೆ ಓದುವದಕ್ಕೆ ಬಂದರು. ಅಲ್ಲಿ ಫ್ರಾಂಕೆ ಎಂಬ ಭಕ್ತನು ೧೬೯೫ ರಲ್ಲಿ ಕಾಣಿಕೆಯ ಪೆಟ್ಟಿಗೆಯಲ್ಲಿ ಸಿಕ್ಕ ಕೆಲವು ನಾಣ್ಯಗಳಿಂದ ಬಡ ಮಕ್ಕಳ ಶಾಲೆಯೊಂದನ್ನು ತೆರೆದಿದ್ದನು. ಅದು ಬೆಳೆದು ದೊಡ್ಡ ಅನಾಥಶಾಲೆಯಾಗಿತ್ತು. ಖಜಾನೆಯಿಲ್ಲದೆ ಶಾಲೆಯು ನಡೆಯುವದು ಹೇಗೆಂಬ ಪಾಠವನ್ನು ಶ್ವಾರ್ಟ್ಸರು ಅಲ್ಲಿಯೇ ಕಣ್ಣಾರೆ ಕಲಿತರೆಂದು ಹೇಳಬಹುದು. ತಮಿಳು ಸತ್ಯವೇದವನ್ನು ಅಚ್ಚುಹಾಕಿಸುವ ಕೆಲಸಕ್ಕೆ ಸಹಾಯಕನು ಬೇಕಾಗಿದ್ದುದರಿಂದ ಅವರು ಆ ಭಾಷೆಯನ್ನು ಹಾಲ್ಲೆಯಲ್ಲಿಯೇ ಕಲಿಯತೊಡಗಿದರು. ಹೊರಡುವ ಮುಂಚೆ ತಂದೆಯ ಆಸ್ತಿಯಲ್ಲಿ ತಮಗೆ ಬರಬೇಕಾದ ಪಾಲನ್ನು ಒಡಹುಟ್ಟಿದವರಿಗೆ ಬಿಟ್ಟುಕೊಟ್ಟರು. ೧೭೫೦ ರ ಜುಲೈ ತಿಂಗಳಲ್ಲಿ ಡೆನ್ಮಾರ್ಕ್ ದೇಶದವರ ಕೈಯಲ್ಲಿದ್ದ ತರಂಗಂಬಾಡಿಯನ್ನು ಮುಟ್ಟಿ, ನಾಲ್ಕೇ ತಿಂಗಳಲ್ಲಿ ತಮಿಳಿನಲ್ಲಿ ಮೊದಲನೆಯ ಪ್ರಸಂಗವನ್ನು ಮಾಡಿದರು. ತಾಯ್ನಾಡನ್ನು ಅವರು ತಿರಿಗಿ ನೋಡಲೇ ಇಲ್ಲ, ಮದುವೆಯನ್ನೂ ಮಾಡಿಕೊಳ್ಳಲಿಲ್ಲ.

ಹನ್ನೆರಡು ವರ್ಷಗಳಾದ ಮೇಲೆ, ೧೭೬೨ ರಲ್ಲಿ, ಅವರು ತಿರುಚನಾಪಳ್ಳಿಗೆ ಹೋದರು. ಆ ಊರು ಆಗ ಒಂದು ದಂಡಿನ ಬೀಡು. ಕರ್ನಾಟಕದ ನವಾಬನೂ ಇಂಗ್ಲಿಷರೂ ಫ್ರೆಂಚರೂ ಆ ಕೋಟೆಗಾಗಿ ವರ್ಷಗಟ್ಟಲೆ ಹೊಡೆದಾಡಿದ್ದರು. ಅಯ್ಯನವರು ಅಲ್ಲಿಗೆ ಬಂದ ಮೊದಲ ಕಾಲದಲ್ಲಿಯೇ ಕೋಟೆಯೊಳಗಿನ ಮದ್ದಿನ ಮನೆಗೆ ಬೆಂಕಿ ಬಿದ್ದು ಸಿಡಿಯಿತು. ಅನೇಕ ಸಿಪಾಯಿಗಳು ಸತ್ತರು. ಅವರ ಮಕ್ಕಳು ಬೀದಿಪಾಲಾದರು. ಈ ಮಕ್ಕಳ ಸ್ಥಿತಿಯು ಸಾಮಾನ್ಯ ಅನಾಥರ ಸ್ಥಿತಿಗಿಂತಲೂ ಕೆಟ್ಟದ್ದು. ತಂದೆಯು ಪರದೇಶದ ಸಿಪಾಯಿ, ಅವನ ಬಂಧುಗಳು ಸಮುದ್ರದ ಆಚೆ. ತಾಯಿಯು ಈ ದೇಶದವಳಾಗಿದ್ದರೆ ಆಕೆಯ ಕುಲದವರು ಆಕೆಯನ್ನು ಮೊದಲೇ ಹೊರಗೆ ಹಾಕಿರುವರು. ಅಂಥ ಕೂಸು ಯಾರ ಹೊಸ್ತಿಲಲ್ಲಿ ನಿಲ್ಲಬೇಕು? ಕುಲಬಿಟ್ಟು ಸಭೆಗೆ ಸೇರಿದ ನಮ್ಮ ಹಿರಿಯರಲ್ಲಿ ಅನೇಕರಿಗೆ ಈ ಪ್ರಶ್ನೆಯ ಬಿಸಿಯು ಗೊತ್ತಿತ್ತು.

ಆಗ ಕೋಟೆಯಲ್ಲಿದ್ದ ಮೇಜರ್ ಪ್ರೆಸ್ಟನ್ ಎಂಬ ದಂಡಾಧಿಕಾರಿಯೂ ಶ್ವಾರ್ಟ್ಸರೂ ಕೂಡಿಕೊಂಡು ೧೭೬೩ ರ ಸುಮಾರಿಗೆ ಈ ಮಕ್ಕಳಿಗಾಗಿ ಶಾಲೆಯನ್ನು ಆರಂಭಿಸಿದರು. ಸಿಪಾಯಿಗಳೂ ಅಧಿಕಾರಿಗಳೂ ಕೊಟ್ಟ ಚಂದಾ ಹಣದಿಂದ ಅದು ನಡೆಯಿತು. ಆದರೆ ಯುದ್ಧದಿಂದ ಹುಟ್ಟಿದ ಶಾಲೆಯನ್ನು ಯುದ್ಧವು ಸುಮ್ಮನೆ ಬಿಡಲಿಲ್ಲ. ೧೭೬೪ ರಲ್ಲಿ ಮಧುರೆಯ ಮುತ್ತಿಗೆಯಲ್ಲಿ ಪ್ರೆಸ್ಟನನೇ ಗಾಯಗೊಂಡು ಸತ್ತನು. ಅನಾಥರ ಶಾಲೆಯೂ ಒಂದು ವಿಧದಲ್ಲಿ ಅನಾಥವಾಯಿತು. ಶ್ವಾರ್ಟ್ಸರು ತಾವೇ ಆ ಪಾಳೆಯಕ್ಕೆ ಹೋಗಿ ಗಾಯಾಳುಗಳನ್ನೂ ರೋಗಿಗಳನ್ನೂ ಉಪಚರಿಸಿದರು. ಆ ಸೇವೆಯನ್ನು ಮೆಚ್ಚಿ ನವಾಬನು ಅವರಿಗೆ ೩೦೦ ವರಹಗಳನ್ನು ಇನಾಮಾಗಿ ಕೊಟ್ಟನು. ಅವರು ಅದರಲ್ಲಿ ಒಂದು ಕಾಸನ್ನೂ ಮುಟ್ಟದೆ ಪೂರಾ ಶಾಲೆಗೆ ಹಾಕಿದರು.

ಅವರ ಸ್ವಂತ ಬಾಳುವೆಯು ಹೇಗಿತ್ತೆಂಬದನ್ನು ಅವರನ್ನು ಕಂಡವರು ಬರೆದಿಟ್ಟಿರುವರು. ವಾಸಕ್ಕೆ ಒಂದು ಹಳೆಯ ಕಟ್ಟಡದಲ್ಲಿ ಮಂಚವೂ ತಾವೂ ಹಿಡಿಸುವಷ್ಟು ಒಂದು ಕೋಣೆ. ಕಪ್ಪು ಬಣ್ಣ ಹಾಕಿಸಿದ ಒರಟು ಹತ್ತಿಬಟ್ಟೆಯ ಅಂಗಿ. ಊಟಕ್ಕೆ ಈ ದೇಶದವರಂತೆ ಬೇಯಿಸಿದ ಅನ್ನ ಮತ್ತು ಕಾಯಿಪಲ್ಯ. ಮೊದಲಲ್ಲಿ ಅವರ ಸಂಬಳವು ವರ್ಷಕ್ಕೆ ೪೮ ಪೌಂಡು ಮಾತ್ರ. ಇದರಲ್ಲಿಯೇ ಉಪದೇಶಿಗಳನ್ನೂ ಸಾಕಿದರು. ಮುಂದೆ ದಂಡಿನ ಪಾದ್ರಿಯ ಕೆಲಸಕ್ಕಾಗಿ ಸರಕಾರವು ವರ್ಷಕ್ಕೆ ೧೦೦ ಪೌಂಡು ಕೊಡಲಾರಂಭಿಸಿದಾಗ ಅರ್ಧವನ್ನು ಸಭೆಗೂ ಶಾಲೆಗೂ ವಿನಿಯೋಗಿಸಿದರು. ಇಂಗ್ಲಿಷ್ ಭಾಷೆಯು ಅವರಿಗೆ ಚೆನ್ನಾಗಿ ಬರುತ್ತಿದ್ದಿಲ್ಲ. ಸಿಪಾಯಿಗಳಿಗೋಸ್ಕರ ಅದನ್ನು ಕಲಿತು, ಮೊದಮೊದಲು ಅಚ್ಚಾದ ಪ್ರಸಂಗಗಳನ್ನು ಓದಿಹೇಳಿ, ಆ ಮೇಲೆ ಸ್ವಂತವಾಗಿ ಬೋಧಿಸಿದರು. ಆ ಸಿಪಾಯಿಗಳ ಕೈಸಹಾಯದಿಂದಲೇ ೧೭೬೬ ರಲ್ಲಿ ಕೋಟೆಯೊಳಗೆ ಕ್ರಿಸ್ತನ ಹೆಸರಿನ ದೊಡ್ಡ ದೇವಾಲಯವು ಎದ್ದಿತು. ದಿನವೂ ಬೆಳಿಗ್ಗೆ ಉಪದೇಶಿಗಳನ್ನು ಕೂಡಿಸಿ ಪ್ರಾರ್ಥನೆ ಮಾಡಿ ಇಬ್ಬಿಬ್ಬರನ್ನಾಗಿ ಊರುಗಳಿಗೆ ಕಳುಹಿಸುವರು. ಸಾಯಂಕಾಲ ಅವರು ಬಂದು ಎಲ್ಲಿ ಏನು ನಡೆಯಿತೆಂಬದನ್ನು ತಿಳಿಸುವರು. ಮಕ್ಕಳೂ ಕೂಡಿಕೊಂಡು ಸಂಧ್ಯಾಪ್ರಾರ್ಥನೆ ನಡೆಯುವದು. ಶಾಲೆಯ ಮಕ್ಕಳು ಹೀಗೆ ಪುಸ್ತಕದಿಂದ ಮಾತ್ರ ಕಲಿಯದೆ, ದೊಡ್ಡವರು ತಮ್ಮ ದಿನದ ಲೆಕ್ಕವನ್ನು ಒಪ್ಪಿಸುವದನ್ನೂ ನೋಡುತ್ತ ಬೆಳೆದರು. ನಮ್ಮ ಊರುಗಳಲ್ಲಿ ಸಂಜೆಯ ಪ್ರಾರ್ಥನೆಗೆ ಮಕ್ಕಳನ್ನು ಕರಕೊಂಡು ಬಾರದ ಹಿರಿಯರು ಇದನ್ನು ಸ್ವಲ್ಪ ಯೋಚಿಸಬಹುದು.

೧೭೭೮ ರಲ್ಲಿ ಅವರು ತಂಜಾವೂರಿಗೆ ಹೋಗಿ ನೆಲೆಸಿದರು. ಅಲ್ಲಿಯ ಅರಸನಾದ ತುಳಜಾಜಿಗೆ ಅವರ ಮೇಲೆ ಬಹಳ ವಿಶ್ವಾಸವಿತ್ತು. ಮರುವರ್ಷವೇ ಮದ್ರಾಸಿನ ಗವರ್ನರನಾದ ರಂಬೋಲ್ಡನು ಅವರನ್ನು ಕರೆಯಿಸಿ, ಶ್ರೀರಂಗಪಟ್ಟಣಕ್ಕೆ ಹೋಗಿ ಹೈದರ್ ಅಲಿಯ ಮನಸ್ಸನ್ನು ತಿಳಿದು ಸಮಾಧಾನದ ಮಾತನ್ನು ಆಡಿಬರಬೇಕೆಂದು ಕೇಳಿಕೊಂಡನು. ಆ ವರ್ಷ ಇಂಗ್ಲಿಷರು ಮಾಹೆಯನ್ನು ಹಿಡಿದಿದ್ದುದರಿಂದ ಹೈದರನು ಸಿಟ್ಟಾಗಿದ್ದನು. ಅವನು ಕುಂಪಣಿಯ ರಾಯಭಾರಿಗಳನ್ನು ನಂಬುತ್ತಿದ್ದಿಲ್ಲ. ಶ್ವಾರ್ಟ್ಸರನ್ನು ಮಾತ್ರ ನಂಬುವೆನೆಂದು ತಿಳಿಸಿದ್ದನು. ಬೋಧಕನು ರಾಜಕಾರ್ಯಕ್ಕೆ ಹೋಗುವದು ಸರಿಯೋ ತಪ್ಪೋ ಎಂದು ಅವರು ಬಹಳವಾಗಿ ಅಳುಕಿದರು. ಯುದ್ಧವು ತಪ್ಪಿದರೆ ಸಾವಿರಾರು ಮನೆಗಳು ಉಳಿಯುವವು, ದಾರಿಯಲ್ಲಿ ಸುವಾರ್ತೆಯನ್ನು ಸಾರಲು ಸಮಯವೂ ಸಿಕ್ಕುವದು ಎಂದು ಯೋಚಿಸಿ ಒಪ್ಪಿಕೊಂಡರು. ಆದರೆ ಯಾರಿಂದಲೂ ಕಾಣಿಕೆಯನ್ನು ತೆಗೆದುಕೊಳ್ಳದೆ ಕೈಗಳನ್ನು ಶುದ್ಧವಾಗಿಟ್ಟುಕೊಳ್ಳುವೆನೆಂದು ಮನಸ್ಸಿನಲ್ಲಿ ನಿಶ್ಚಯಿಸಿದರು.

೧೭೭೯ ರ ಜುಲೈಯಲ್ಲಿ ಹೊರಟು ಕರೂರು, ಸತ್ಯಮಂಗಲಗಳ ಮಾರ್ಗವಾಗಿ ಗಜಲಹಟ್ಟಿಯ ಘಟ್ಟವನ್ನು ಹತ್ತಿ, ಆಗಸ್ಟ್ ತಿಂಗಳ ಕಡೆಯಲ್ಲಿ ಶ್ರೀರಂಗಪಟ್ಟಣವನ್ನು ಮುಟ್ಟಿದರು. ದಾರಿಯ ಸೇತುವೆಗಳು ಮಳೆಗೆ ಕಿತ್ತುಹೋದರೆ ಕೂಡಲೆ ಸರಿಪಡಿಸಲ್ಪಡುವದನ್ನು ನೋಡಿ ಮೆಚ್ಚಿದರು. ಅಧಿಕಾರಿಗಳ ಬೆನ್ನಿಗೂ ಬಾರುಕೋಲಿನ ಏಟು ಬೀಳುವದನ್ನು ನೋಡಿ ನೊಂದರು. ಹೈದರನು ಓದುಬರಹ ತಿಳಿಯದವನಾಗಿದ್ದರೂ ಹಲವು ಮಂದಿ ಬರಹಗಾರರಿಗೆ ಒಂದೇ ಹೊತ್ತಿನಲ್ಲಿ ಕಾಗದಗಳನ್ನು ಹೇಳಿ ಬರೆಯಿಸುವ ಜ್ಞಾಪಕಶಕ್ತಿಯುಳ್ಳವನು. ಅವನು ಅಯ್ಯನವರನ್ನು ತನ್ನ ಪಕ್ಕದಲ್ಲಿ ಜಮಖಾನೆಯ ಮೇಲೆ ಕುಳ್ಳಿರಿಸಿಕೊಂಡು ಮಾತಾಡಿದನು. ಅವನ ದಂಡಿನಲ್ಲಿದ್ದ ಜರ್ಮನ್ ಸಿಪಾಯಿಗಳಿಗೆ ಅವರು ಕೋಟೆಯ ಬಳಿಯಲ್ಲಿ ದೇವಾರಾಧನೆಯನ್ನು ನಡೆಸಿದಾಗ ಯಾರೂ ಅಡ್ಡಿಮಾಡಲಿಲ್ಲ. ಕನ್ನಡ ಸೀಮೆಯಲ್ಲಿ ಪ್ರೊಟೆಸ್ಟಂಟ್ ಬೋಧಕನೊಬ್ಬನು ಬಹಿರಂಗವಾಗಿ ಆರಾಧನೆ ನಡೆಸಿದ ಬಹು ಹಳೆಯ ಸಂದರ್ಭಗಳಲ್ಲಿ ಇದೊಂದು. ಮಂಗಳೂರಿಗೆ ಬಾಸೆಲ್ ಮಿಶನ್ನಿನವರು ಬಂದದ್ದು ಇದಕ್ಕೆ ೫೫ ವರ್ಷಗಳ ತರುವಾಯ.

ಶ್ರೀರಂಗಪಟ್ಟಣದಲ್ಲಿ ಅವರ ಮನಸ್ಸನ್ನು ಹಿಡಿದು ನಿಲ್ಲಿಸಿದ ನೋಟವು ಬೇರೊಂದು. ಹೈದರನು ಅನಾಥ ಹುಡುಗರನ್ನೇ ಕೂಡಿಸಿ ಒಂದು ಪಟಾಲಮನ್ನು ಮಾಡಿದ್ದನು. ಅವರಿಗೆ ಅನ್ನಬಟ್ಟೆಗಳನ್ನು ಕೊಡಿಸಿ, ಕೈಗೆ ಚಿಕ್ಕ ಚಿಕ್ಕ ಮರದ ಕೋವಿಗಳನ್ನು ಕೊಟ್ಟು ಕವಾಯತನ್ನು ಕಲಿಸುತ್ತಿದ್ದರು. ಅರಸನೊಬ್ಬನು ತಂದೆತಾಯಿಯಿಲ್ಲದವರನ್ನು ಮರೆಯದೆ ಇದ್ದುದನ್ನು ಕಂಡು ಅಯ್ಯನವರು ಸಂತೋಷಪಟ್ಟರು. ಕ್ರೈಸ್ತರೆನಿಸಿಕೊಳ್ಳುವ ಇಂಗ್ಲಿಷರು ತಮ್ಮ ಸೀಮೆಗಳಲ್ಲಿ ಇಷ್ಟನ್ನಾದರೂ ಮಾಡಿ, ಅದರ ಸಂಗಡ ದೈವಜ್ಞಾನವನ್ನೂ ಕಲಿಸಿದರೆ ಎಷ್ಟೋ ಚೆನ್ನಾಗಿರುವದೆಂದು ಬರೆದರು. ಇದರಲ್ಲಿ ಅವರ ಸರಳ ಹೃದಯವು ಕಾಣುತ್ತದೆ. ವೈರಿಯೆನಿಸಿದವನಲ್ಲಿಯೂ ಒಳ್ಳೇದನ್ನು ಕಂಡರೆ ಮುಚ್ಚಿಡುವವರಲ್ಲ. ಆದರೆ ಕನ್ನಡಿಗರಾದ ನಾವು ಇನ್ನೊಂದು ಸಂಗತಿಯನ್ನು ಬಲ್ಲೆವು. ಅದೇ ೧೭೭೯ ನೆಯ ವರ್ಷದ ಮಾರ್ಚಿಯಲ್ಲಿ ಹೈದರನು ಚಿತ್ರದುರ್ಗವನ್ನು ಮದಕರಿ ನಾಯಕನಿಂದ ತೆಗೆದುಕೊಂಡಿದ್ದನು. ಆ ದುರ್ಗದ ಬೇಡರ ಕುಲದವರಲ್ಲಿ ಸುಮಾರು ೨೦,೦೦೦ ಮಂದಿಯನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅವರ ಹುಡುಗರನ್ನು ಆರಿಸಿ ಚೇಲಾ ಎಂಬ ಪಟಾಲಮುಗಳಲ್ಲಿ ಸೇರಿಸಿದರೆಂದು ಚರಿತ್ರೆಗಾರರು ಹೇಳುವರು. ಮಕ್ಕಳ ತಂದೆಯನ್ನು ಕೊಂದ ಯುದ್ಧವೇ ಮಕ್ಕಳನ್ನು ಸಾಕಿ ಮುಂದಿನ ಯುದ್ಧಕ್ಕೆ ತಯಾರು ಮಾಡುವದು ಅರಸರ ರೀತಿ. ಆಹಾರವೂ ಬಟ್ಟೆಯೂ ಎರಡೂ ಕಡೆಗಳಲ್ಲಿ ಒಂದೇ. ಕೈಗೆ ಕೊಟ್ಟದ್ದು ಮರದ ಕೋವಿಯೋ ಪುಸ್ತಕವೋ ಎಂಬದರಲ್ಲಿಯೇ ಶ್ವಾರ್ಟ್ಸರ ಶಾಲೆಗೂ ಆ ಪಟಾಲಮಿಗೂ ಇದ್ದ ಅಂತರವು.

ಅವರು ಹಿಂದಿರುಗುವಾಗ ಹೈದರನ ಕಡೆಯವರು ದಾರಿಯ ವೆಚ್ಚಕ್ಕೆಂದು ೩೦೦ ರೂಪಾಯಿಗಳ ಚೀಲವನ್ನು ತಂದುಕೊಟ್ಟರು. ಅಯ್ಯನವರು ಒಲ್ಲೆನೆಂದರು. ತಿರಿಗಿ ಒಯ್ದರೆ ತಮ್ಮ ತಲೆಗೆ ಬರುವದೆಂದು ಚಾಕರರು ಅಂಜಿದ್ದರಿಂದ ಬೇರೆ ಉಪಾಯವಿಲ್ಲದೆ ಇಟ್ಟುಕೊಂಡು, ಮದ್ರಾಸಿಗೆ ಬಂದು ಆ ಚೀಲವನ್ನು ಸರಕಾರದ ಮುಂದಿಟ್ಟರು. ಸರಕಾರದವರು ಅದು ನಿಮ್ಮದೇ ಎಂದರು. ಆಗ ಅವರು, ತಂಜಾವೂರಿನಲ್ಲಿ ಬಡ ಮಕ್ಕಳಿಗಾಗಿ ಒಂದು ಧರ್ಮಶಾಲೆಯನ್ನು ತೆರೆಯುವದಕ್ಕೆ ಇದು ಮೊದಲನೆಯ ಬಂಡವಾಳವಾಗಲೆಂದು ಅಪ್ಪಣೆ ಕೇಳಿ ಪಡೆದುಕೊಂಡರು. ಮುರಿದುಬಿದ್ದ ಸಮಾಧಾನದಲ್ಲಿ ಉಳಿದದ್ದು ಇಷ್ಟೇ. ಯಾಕಂದರೆ ರಾಯಭಾರವು ಕೈಗೂಡಲಿಲ್ಲ. ಎರಡು ಕಡೆಯವರಿಗೂ ಸಮಾಧಾನದ ಮನಸ್ಸಿದ್ದಿಲ್ಲ. ೧೭೮೦ ರ ಜುಲೈಯಲ್ಲಿ ಹೈದರನು ದೊಡ್ಡ ದಂಡಿನೊಂದಿಗೆ ಘಟ್ಟವನ್ನು ಇಳಿದನು.

ಆ ಮೇಲಿನ ಮೂರು ವರ್ಷಗಳ ಸಂಕಟವನ್ನು ಬರೆಯುವದು ಕಷ್ಟ. ಊರುಗಳು ಸುಟ್ಟವು, ಕೆರೆಕಾಲುವೆಗಳು ಒಡೆದವು, ನೇಗಿಲು ನಿಂತಿತು. ೧೮೭೬ ರಿಂದ ೧೮೭೮ ರ ವರೆಗಿನ ದೊಡ್ಡ ಬರದಲ್ಲಿ ನಮ್ಮ ಸೀಮೆಯ ದಾರಿಗಳಲ್ಲಿ ಜನರು ಹೇಗೆ ಬಿದ್ದು ಸತ್ತರೆಂಬದನ್ನು ಅಜ್ಜಂದಿರ ಬಾಯಿಂದ ಕೇಳಿ ಬಂದ ಮನೆತನಗಳು ಯಲಬುರ್ಗಿ ಕುಷ್ಟಗಿಗಳಲ್ಲಿ ಇರುವವು. ತಂಜಾವೂರಿನ ಬೀದಿಗಳಲ್ಲಿಯೂ ಹಾಗೆಯೇ ಬೆಳಗಾದರೆ ಹೆಣಗಳು ಬಿದ್ದಿರುತ್ತಿದ್ದವು. ಶ್ವಾರ್ಟ್ಸರು ಐಗುಪ್ತದ ಯೋಸೇಫನಂತೆ, ಬೆಲೆಯು ಕಡಿಮೆಯಿದ್ದಾಗಲೇ ಧಾನ್ಯವನ್ನು ಕೊಂಡು ಇಟ್ಟಿದ್ದರು. ಅದರಿಂದ ಸಭೆಯವರನ್ನೂ ಶಾಲೆಯ ಮಕ್ಕಳನ್ನೂ, ಕುಲಮತಗಳನ್ನು ಕೇಳದೆ ಬಾಗಿಲಿಗೆ ಬಂದ ಹಸಿದವರನ್ನೂ ಉಣಿಸಿದರು. ಆದರೆ ಕೋಟೆಯೊಳಗಿನ ಜನರೆಲ್ಲರಿಗೆ ಅದು ಎಲ್ಲಿ ಸಾಕಾದೀತು! ಹೊರಗಿನ ಹಳ್ಳಿಗಳಲ್ಲಿ ಭತ್ತವಿತ್ತು; ತರುವ ಎತ್ತುಗಳೂ ಇದ್ದವು. ಒಕ್ಕಲಿಗರು ಕೊಡಲೊಲ್ಲರು. ಹಿಂದೆ ಅರಸನ ಅಧಿಕಾರಿಗಳು ಅವರ ಧಾನ್ಯವನ್ನೂ ಎತ್ತುಗಳನ್ನೂ ಹಿಡಿದುಕೊಂಡು ಹೋಗಿ ಹಣವನ್ನು ಕೊಟ್ಟಿದ್ದಿಲ್ಲ. ಅರಸನು ಬರೆದನು, ಕುಂಪಣಿಯವರು ಬರೆದರು, ಯಾರೂ ಕದಲಲಿಲ್ಲ. ಕಡೆಗೆ ಶ್ವಾರ್ಟ್ಸರ ಕೈಗೆ ಆ ಕೆಲಸವನ್ನು ಕೊಟ್ಟರು. ಅವರು ಒಕ್ಕಲಿಗರಿಗೆ ಕಾಗದಗಳನ್ನು ಬರೆದು, ಪ್ರತಿಯೊಂದು ಎತ್ತಿನ ಬಾಡಿಗೆಯನ್ನೂ ನಾನೇ ನನ್ನ ಕೈಯಿಂದ ಎಣಿಸಿ ಕೊಡುವೆನೆಂದು ಮಾತು ಕೊಟ್ಟರು. ಎರಡು ಮೂರು ದಿನಗಳಲ್ಲಿ ಸುಮಾರು ೧,೦೦೦ ಎತ್ತುಗಳು ಬಂದವು. ೮೦,೦೦೦ ಕಲಂ ಅಳತೆಯ ಧಾನ್ಯವು ಕೋಟೆಯನ್ನು ಸೇರಿತು. ಗಂಗಾವತಿಯ ಕಡೆಗೆ ಭತ್ತದ ಚೀಲಗಳನ್ನು ಎತ್ತಿ ಹೊತ್ತವರು ಇದು ಎಷ್ಟು ಹೊರೆಯೆಂಬದನ್ನು ಊಹಿಸಿಕೊಳ್ಳಲಿ. ಅವರು ಎಲ್ಲರಿಗೂ ಹಣವನ್ನು ಸಲ್ಲಿಸಿ, ಮೇಲೆ ಸ್ವಲ್ಪ ಉಡುಗೊರೆಯನ್ನೂ ಕೊಟ್ಟು ಮನೆಗೆ ಕಳುಹಿಸಿದರು.

ಈ ಯುದ್ಧದ ನಡುವೆಯೂ ಹೈದರನು ತನ್ನ ಅಧಿಕಾರಿಗಳಿಗೆ, ಈ ಪಾದ್ರಿಯು ಎಲ್ಲಿಗೆ ಹೋದರೂ ತಡೆಯಬಾರದು, ಮರ್ಯಾದೆಯಿಂದ ನಡಿಸಬೇಕು ಎಂದು ಆಜ್ಞೆ ಮಾಡಿದ್ದನು. ಅವನು ೧೭೮೨ ರ ಡಿಸೆಂಬರಿನಲ್ಲಿ ತೀರಿಕೊಂಡನು. ಮರುವರ್ಷ ಟಿಪ್ಪುವಿನ ಬಳಿಗೆ ಸಮಾಧಾನಕ್ಕಾಗಿ ಹೊರಟ ಶ್ವಾರ್ಟ್ಸರನ್ನು ಮಾತ್ರ ಸತ್ಯಮಂಗಲದಲ್ಲಿ ತಡೆದು ಹಿಂದಕ್ಕೆ ಕಳುಹಿಸಿಬಿಟ್ಟರು.

ಯುದ್ಧವು ೧೭೮೪ ರಲ್ಲಿ ನಿಂತಿತು. ಇನ್ನು ಶಾಲೆಗಳನ್ನು ನಡಿಸುವ ಕೆಲಸ. ಶಾಲೆಯನ್ನು ಕಟ್ಟುವದು ಒಂದು ವರ್ಷದ ಮಾತು, ನಡಿಸುವದು ಪ್ರತಿ ತಿಂಗಳಿನ ಮಾತು. ಉಪಾಧ್ಯಾಯನ ಸಂಬಳವು ಯುದ್ಧವೆಂದು ಕಾಯದು. ತಂಜಾವೂರಿನ ರೆಸಿಡೆಂಟನಾದ ಸಲಿವನ್ ದೊರೆಯು ಈ ದೇಶದ ಎಲ್ಲಾ ಕುಲಗಳ ಹುಡುಗರಿಗೂ ಇಂಗ್ಲಿಷ್ ಕಲಿಸುವ ಶಾಲೆಗಳಿರಬೇಕೆಂದು ಯೋಚಿಸಿದನು. ಅಯ್ಯನವರ ಮೇಲ್ವಿಚಾರಣೆಯಲ್ಲಿ ತಂಜಾವೂರು, ರಾಮನಾಥಪುರ, ಶಿವಗಂಗೆಗಳಲ್ಲಿ ಅವು ತೆರೆಯಲ್ಪಟ್ಟವು. ೧೭೮೭ ರಲ್ಲಿ ಕುಂಪಣಿಯ ಯಜಮಾನರು ಒಂದೊಂದು ಶಾಲೆಗೆ ವರ್ಷಕ್ಕೆ ೨೫೦ ವರಹಗಳಂತೆ ಕೊಡಲು ಒಪ್ಪಿದರು. ಹುಡುಗರನ್ನು ಮೋಸದಿಂದಲೂ ಆಶೆ ತೋರಿಸಿಯೂ ಕ್ರೈಸ್ತರನ್ನಾಗಿ ಮಾಡತಕ್ಕದ್ದಲ್ಲವೆಂಬದು ಅಲ್ಲಿಯ ನಿಯಮ. ಶ್ವಾರ್ಟ್ಸರು ಅದನ್ನು ಮನಃಪೂರ್ವಕವಾಗಿ ಪಾಲಿಸಿದರು. ಆ ಕಾಲದ ದಬ್ಬಾಳಿಕೆಯಿಂದ ಹೊಲಮನೆಗಳನ್ನು ಬಿಟ್ಟು ಓಡಿಹೋಗಿದ್ದ ಒಕ್ಕಲಿಗರನ್ನೂ ಅವರೇ ಮಾತು ಕೊಟ್ಟು ತಿರಿಗಿ ಕರೆಯಿಸಿದರು. ಒಂದೇ ದಿನದಲ್ಲಿ ೭,೦೦೦ ಜನರು ತಮ್ಮ ಹೊಲಗಳಿಗೆ ಹಿಂದಿರುಗಿದರು. ತಂದೆಯು ಹೊಲಕ್ಕೆ ಬಾರದೆ ಮಗನು ಶಾಲೆಗೆ ಬಾರನೆಂಬದನ್ನು ಅವರು ಬಲ್ಲವರಾಗಿದ್ದರು.

ಇಷ್ಟೆಲ್ಲಾ ಮಾಡಿದರೂ ಅವರು ತಮ್ಮ ವಿಷಯವಾಗಿ ಹೇಳಿಕೊಳ್ಳುವವರಲ್ಲ. ೧೭೯೩ ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಒಬ್ಬ ಸಭಿಕನು ಎದ್ದು, ಹಿಂದುಸ್ಥಾನದ ಕ್ರೈಸ್ತರು ಕೀಳು ನಡತೆಯವರೆಂದೂ ಮಿಶನ್ ಕೆಲಸವು ವ್ಯರ್ಥವೆಂದೂ ಹಳಿದನು. ಆಗ ವೃದ್ಧರಾದ ಶ್ವಾರ್ಟ್ಸರು ಒಂದು ಉದ್ದವಾದ ಪತ್ರವನ್ನು ಬರೆದು, ನಡೆದ ಸಂಗತಿಗಳನ್ನು ಒಂದೊಂದಾಗಿ ಮುಂದಿಟ್ಟರು. ಎತ್ತುಗಳ ಸಂಗತಿಯೂ ಧಾನ್ಯದ ಸಂಗತಿಯೂ ನಮಗೆ ವಿವರವಾಗಿ ತಿಳಿದಿರುವದು ಆ ಪತ್ರದಿಂದಲೇ. ಬಡ ಹಳ್ಳಿಯ ಕ್ರೈಸ್ತರ ಮಾನವನ್ನು ಉಳಿಸುವದಕ್ಕಾಗಿ ಮಾತ್ರ ಅವರು ತಮ್ಮ ಬಾಯನ್ನು ತೆರೆದರು.

ಅವರ ಕೊನೆಯ ವರ್ಷಗಳಲ್ಲಿ ಇನ್ನೊಂದು ಮಗುವಿನ ಭಾರವೂ ಅವರ ಮೇಲೆ ಬಿದ್ದಿತು. ತುಳಜಾಜಿ ರಾಜನು ೧೭೮೭ ರಲ್ಲಿ ಸಾಯುವ ಮುಂಚೆ ಸರಫೋಜಿ ಎಂಬ ಹುಡುಗನನ್ನು ದತ್ತಕ ತೆಗೆದುಕೊಂಡು, ಅವನ ಕೈಯನ್ನು ಅಯ್ಯನವರ ಕೈಯಲ್ಲಿಡಲು ಬಯಸಿದನು. ರಾಜ್ಯದ ಆಡಳಿತವನ್ನು ಅವರು ಒಲ್ಲೆನೆಂದರು. ಆದರೆ ಚಿಕ್ಕಪ್ಪನು ಪಟ್ಟವನ್ನೇರಿ ಹುಡುಗನನ್ನು ಕತ್ತಲೆಯ ಕೋಣೆಯಲ್ಲಿ ಓದುಬರಹವಿಲ್ಲದೆ ಇಟ್ಟಾಗ ಸುಮ್ಮನಿರಲಿಲ್ಲ. ಸರಕಾರಕ್ಕೆ ಬರೆದು, ೧೭೯೩ ರಲ್ಲಿ ಅವನನ್ನು ಮದ್ರಾಸಿಗೆ ಕಳುಹಿಸಿ, ಗೆರಿಕೆ ಅಯ್ಯನವರ ಬಳಿಯಲ್ಲಿ ಓದುವಂತೆ ಮಾಡಿದರು. ಸಿಪಾಯಿಯ ಕೂಸಿಗೂ ಅರಸನ ಕೂಸಿಗೂ ಅವರು ಬೇರೆ ಬೇರೆ ಮನಸ್ಸನ್ನು ಇಟ್ಟುಕೊಂಡಿದ್ದಿಲ್ಲ. ಸರಫೋಜಿಯು ಕ್ರೈಸ್ತನಾಗಲಿಲ್ಲ, ಆದರೆ ವಿದ್ಯಾಪ್ರಿಯನಾದ ಅರಸನಾಗಿ ಹೆಸರುಗೊಂಡನು. ತನ್ನ ಪೋಷಕನಿಗಾಗಿ ಇಂಗ್ಲೆಂಡಿನ ಫ್ಲಾಕ್ಸ್‌ಮನ್ ಎಂಬ ಶಿಲ್ಪಿಯಿಂದ ಹಾಲುಗಲ್ಲಿನ ಸ್ಮಾರಕವನ್ನು ಕೆತ್ತಿಸಿ ತಂಜಾವೂರಿನ ದೇವಾಲಯದಲ್ಲಿ ನಿಲ್ಲಿಸಿದನು. ಸಾಯುತ್ತಿರುವ ಮುದುಕನ ಮಂಚದ ಬಳಿಯಲ್ಲಿ ಅರಸನು ನಿಂತಿರುವದನ್ನು ಅದರಲ್ಲಿ ಕೆತ್ತಿರುವರು.

ಶ್ವಾರ್ಟ್ಸ್ ಅಯ್ಯನವರು ೧೭೯೮ ರ ಫೆಬ್ರುವರಿ ೧೩ ರಂದು ತಂಜಾವೂರಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಆಗ ಅವರಿಗೆ ೭೧ ವರ್ಷ. ಕಡೆಯ ಗಳಿಗೆಯಲ್ಲಿ ಸಂಗಡಿಗರು ಸಂಗೀತವನ್ನು ಹಾಡಿದಾಗ ತಾವೂ ದನಿಗೂಡಿಸಿದರು. ಮಿತವಾಗಿ ಬಾಳಿ ಉಳಿಸಿದ ಹಣವನ್ನು ಮಿಶನ್ನಿಗೂ ಅದರ ಶಾಲೆಗಳಿಗೂ ಬಡವರಿಗೂ ಬರೆದಿಟ್ಟಿದ್ದರು. ಸರಫೋಜಿಯು ಬಂದು ಮುಖವನ್ನು ನೋಡುವವರೆಗೆ ಪೆಟ್ಟಿಗೆಯನ್ನು ಮುಚ್ಚದೆ ಕಾದರು. ಅವನು ಬಂದು ಅತ್ತು, ದೇಹದ ಮೇಲೆ ಜರತಾರಿಯ ವಸ್ತ್ರವನ್ನು ಹೊದಿಸಿ, ಸಮಾಧಿಯ ವರೆಗೆ ನಡೆದುಹೋದನು. ಹಾದಿಯಲ್ಲಿ ಹಾಡಬೇಕೆಂದು ಮಕ್ಕಳಿಗೂ ಸಭೆಯವರಿಗೂ ಸಂಗೀತವನ್ನು ಗೊತ್ತುಮಾಡಿದ್ದರು. ಆದರೆ ಎರಡೂ ಬದಿಯಲ್ಲಿ ಕೂಡಿದ ಬಡವರ ಅಳುವಿನಿಂದ ಅದನ್ನು ಹಾಡುವದಕ್ಕಾಗಲಿಲ್ಲ.